ಖಾಲಿ ಟ್ರೇಲರ್ ತೂಗಿ ನಂಬಿದೆ, ಎಟಿವಿ ಹೇರಿದ ಮೇಲೆ ತೂಗಲಿಲ್ಲ: ಕ್ಯಾಂಪರ್ ಕಟ್ಟುವವರು ದಯವಿಟ್ಟು ಓದಿ

ಮನೆಯಲ್ಲೇ ಕ್ಯಾಂಪರ್ ಟ್ರೇಲರ್ (ಕಾರಿನ ಹಿಂದೆ ಎಳೆದೊಯ್ಯುವ, ಒಳಗೆ ಮಲಗಲು ಜಾಗವಿರುವ ಗಾಡಿ) ಕಟ್ಟಿ, ಅದರೊಳಗೇ ಎಟಿವಿಯನ್ನೂ (ಕಾಡುಮೇಡಿನಲ್ಲಿ ಓಡಿಸುವ ದಪ್ಪ ಚಕ್ರದ ಗಾಡಿ) ಹಾಕಿಕೊಂಡು ಹೋಗೋಣ ಅಂತ ಯಾರಾದರೂ ಯೋಚಿಸುತ್ತಿದ್ದರೆ, ಕಬ್ಬಿಣ ತರುವ ಮುಂಚೆ ಇದನ್ನೊಮ್ಮೆ ಓದಿ. ನಾನು ಎಂಟು ತಿಂಗಳು ಕಷ್ಟಪಟ್ಟು ಕಟ್ಟಿದ ಟ್ರೇಲರ್ ಎರಡನೇ ಪ್ರಯಾಣದಲ್ಲೇ ಮಗ್ಗುಲಾಗಿ ಬಿತ್ತು. ಕಾರಿನಲ್ಲಿ ನಾನು, ನನ್ನ ತಮ್ಮ, ನನ್ನ ಮಗಳು ಇದ್ದೆವು. ಯಾರಿಗೂ ಪೆಟ್ಟಾಗಲಿಲ್ಲ. ಎದುರಿಗೆ ಆಗ ಒಂದು ವಾಹನ ಬಂದಿದ್ದರೆ ಈ ಮಾತು ಬರೆಯಲು ನಾನು ಇರುತ್ತಿರಲಿಲ್ಲ.

ತಪ್ಪು ಶುರುವಾಗಿದ್ದು ಕಾಗದದ ಮೇಲೆ. ಮೊದಲು ಮಂಚ ಬರೆದೆ. ಆಮೇಲೆ ಒಲೆ, ಕಪಾಟು, ನೀರಿನ ಟ್ಯಾಂಕ್. ಎಲ್ಲಾ ಮುಗಿದ ಮೇಲೆ ಹಿಂದೆ ಉಳಿದ ಜಾಗವನ್ನು ಎಟಿವಿಗೆ ಕೊಟ್ಟೆ. ಹಿಂಬಾಗಿಲನ್ನೇ ಕೆಳಗಿಳಿಸಿದರೆ ಹತ್ತಿಸುವ ಹಲಗೆ ಆಗುತ್ತದೆ, ಗಾಡಿ ಸೀದಾ ಒಳಗೆ ಬರುತ್ತದೆ, ಎಷ್ಟು ಅನುಕೂಲ ಅಲ್ವಾ ಅನಿಸಿತ್ತು. ಇಡೀ ಟ್ರೇಲರ್‌ನಲ್ಲಿ ಎಲ್ಲಕ್ಕಿಂತ ಭಾರದ ವಸ್ತು ಅದೇ. ಅದಕ್ಕೆ ಮೊದಲು ಜಾಗ ಗುರುತಿಸಿ, ಅದರ ಸುತ್ತ ಉಳಿದದ್ದನ್ನು ಕಟ್ಟಬೇಕಿತ್ತು.

ಟ್ರೇಲರ್ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಕಾರಿಗೆ ಸಿಕ್ಕಿಸುವ ಮುಂದಿನ ಕೊಂಡಿಯ ಮೇಲೆ ಕೂರಬೇಕು, ಕಡಿಮೆಯಾದರೆ ಟ್ರೇಲರ್ ಓಲಾಡುತ್ತದೆ ಎಂಬ ಲೆಕ್ಕ ನನಗೆ ಗೊತ್ತಿತ್ತು. ಕಟ್ಟಿ ಮುಗಿಸಿದ ದಿನ ಮೂಕಿಯ (ಟ್ರೇಲರ್ ಮುಂದೆ ಚಾಚಿದ ಕಂಬಿಯ) ತುದಿಯನ್ನು ಮನೆಯ ತೂಕದ ಮಷೀನಿನ ಮೇಲೆ ಇಟ್ಟು ನೋಡಿದೆ. 110 ಕೆಜಿ ಬಂತು. ಟ್ರೇಲರ್ ತೂಕ 780 ಕೆಜಿ. ಅಂದರೆ ಶೇಕಡಾ 14. ಸರಿಯಾಗಿದೆ ಅಂತ ಪುಸ್ತಕದಲ್ಲಿ ಬರೆದಿಟ್ಟೆ. ಆದರೆ ಎಟಿವಿ ಆಗ ಶೆಡ್ಡಿನಲ್ಲಿತ್ತು.

ಹೊರಡುವ ದಿನ ಹಿಂದುಗಡೆ ಎರಡು ಜಾಕ್ ಕೊಟ್ಟು ಎಟಿವಿ ಹತ್ತಿಸಿದೆವು. ಜಾಕ್ ತೆಗೆದು, ಕಾರಿನ ಹಿಂದಿರುವ ಬಾಲ್ (ಉಕ್ಕಿನ ಗುಂಡು) ಮೇಲೆ ಕೂರಿಸಲು ಕೊಂಡಿಯನ್ನು ಎತ್ತಿದೆ. ಒಂದೇ ಕೈಯಲ್ಲಿ ಎದ್ದು ಬಂತು. "ಎಷ್ಟು ಹಗುರ ಇದೆ ಅಣ್ಣಾ, ಒಳ್ಳೇ ಬ್ಯಾಲೆನ್ಸ್ ಆಗಿದೆ" ಅಂದ ತಮ್ಮ. ನನಗೂ ಖುಷಿಯಾಯಿತು. ಆ ಕ್ಷಣವೇ ನಿಲ್ಲಬೇಕಿತ್ತು. ಹೇರಿದ ಟ್ರೇಲರ್‌ನ ಮೂಕಿ ಒಂದು ಕೈಗೆ ಎದ್ದು ಬಂದರೆ, ಅದನ್ನು ರಸ್ತೆಗೆ ಇಳಿಸಬೇಡಿ. ಈ ಬರಹದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಲೆಕ್ಕ ಕಷ್ಟದ್ದೇನಲ್ಲ. ಎತ್ತಿನ ಗಾಡಿಗೆ ಹಿಂಭಾರ ಹೇರಿದರೆ ಮೂಕಿ ಮೇಲಕ್ಕೆದ್ದು ಎತ್ತಿನ ಕುತ್ತಿಗೆಯಲ್ಲಿ ನೊಗ ನಿಲ್ಲುವುದಿಲ್ಲ. ಅದೇ ಮಾತು ಇಲ್ಲೂ. ನನ್ನ ಎಟಿವಿ ಕಾಗದದ ಪ್ರಕಾರ 290 ಕೆಜಿ. ಪೆಟ್ರೋಲ್, ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ), ಮುಂದಿನ ಪೆಟ್ಟಿಗೆ ಸೇರಿ 320 ಕೆಜಿ. ಅದರ ಭಾರ ಆಕ್ಸಲ್‌ನಿಂದ, ಅಂದರೆ ಚಕ್ರದ ಅಚ್ಚಿನಿಂದ, 90 ಸೆಂ.ಮೀ. ಹಿಂದೆ ಬಿದ್ದಿತ್ತು. ಆಕ್ಸಲ್‌ನಿಂದ ಕೊಂಡಿಗೆ 3 ಮೀಟರ್. 320ನ್ನು 0.9ರಿಂದ ಗುಣಿಸಿ 3ರಿಂದ ಭಾಗಿಸಿ. 96 ಕೆಜಿ. ಅಷ್ಟೂ ಭಾರ ಕೊಂಡಿಯಿಂದ ಎದ್ದು ಹೋಗಿತ್ತು. 110ರಲ್ಲಿ ಉಳಿದದ್ದು 14. ಒಟ್ಟು 1100 ಕೆಜಿ ಟ್ರೇಲರ್‌ಗೆ ಕೊಂಡಿಯ ಮೇಲೆ ಇರಬೇಕಾದದ್ದು ಕನಿಷ್ಠ 110. ಐದು ನಿಮಿಷದ ಲೆಕ್ಕ. ನಾನು ಅದನ್ನು ಮಾಡಿದ್ದು ಟ್ರೇಲರ್ ಬಿದ್ದ ಮೇಲೆ.

ಮೊದಲ ಸಲ ಹೋಗಿದ್ದು ಹತ್ತಿರದ ಜಾಗ. ಸಮತಟ್ಟಾದ ರಸ್ತೆ, 60 ಕಿ.ಮೀ. ವೇಗ. ಏನೂ ಆಗಲಿಲ್ಲ. ಅದರಿಂದ ಧೈರ್ಯ ಜಾಸ್ತಿಯಾಯಿತು. ಎರಡನೇ ಸಲ ಹೆದ್ದಾರಿ. ಉದ್ದಕ್ಕೆ ಇಳಿಜಾರು, ವೇಗ ಸುಮಾರು 85. ಪಕ್ಕದಲ್ಲಿ ದೊಡ್ಡ ಲಾರಿಯೊಂದು ದಾಟಿ ಹೋಯಿತು. ಅದರ ಗಾಳಿಗೆ ಟ್ರೇಲರ್ ಒಮ್ಮೆ ಆ ಕಡೆ ವಾಲಿ ಈ ಕಡೆ ಬಂತು. ನಿಂತು ಹೋಗುತ್ತದೆ ಅಂದುಕೊಂಡೆ. ನಿಲ್ಲಲಿಲ್ಲ. ಎರಡನೇ ಓಲಾಟ ಮೊದಲಿನದಕ್ಕಿಂತ ದೊಡ್ಡದು, ಮೂರನೆಯದು ಇನ್ನೂ ದೊಡ್ಡದು. ಹಿಂದೆ ತಿರುಗಿ ನೋಡಿದ ತಮ್ಮ "ಅಣ್ಣಾ, ಬಾಲ ಬೀಸ್ತಿದೆ, ನಿಧಾನ!" ಅಂತ ಕೂಗಿದ. ಕಾರಿನ ಹಿಂಭಾಗವನ್ನು ಯಾರೋ ಹಿಡಿದು ಎಳೆದಾಡಿದ ಹಾಗಿತ್ತು. ಸ್ಟೀರಿಂಗ್ ಕೈಯಲ್ಲಿತ್ತು, ಆದರೆ ನನ್ನ ಮಾತು ಕೇಳುತ್ತಿರಲಿಲ್ಲ.

ಗಾಬರಿಯಲ್ಲಿ ಬ್ರೇಕ್ ಒತ್ತಿದೆ. ಅದೇ ಕೊನೆಯ ತಪ್ಪು. ಕಾರು ನಿಧಾನವಾಯಿತು, ಹಿಂದಿನ ಸಾವಿರ ಕೆಜಿ ನಿಧಾನವಾಗಲಿಲ್ಲ, ಯಾಕೆಂದರೆ ಟ್ರೇಲರ್‌ಗೆ ಬ್ರೇಕ್ ಇರಲಿಲ್ಲ. ಅದು ಕಾರನ್ನು ಪಕ್ಕಕ್ಕೆ ತಳ್ಳಿತು. ಕಾರು ಅಡ್ಡ ತಿರುಗಿ ನಿಂತಿತು, ಟ್ರೇಲರ್ ರಸ್ತೆ ಬದಿಗೆ ಉರುಳಿತು.

ಓಲಾಟ ಶುರುವಾದಾಗ ಏನು ಮಾಡಬೇಕು ಅಂತ ಆಮೇಲೆ ಕಲಿತೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆಯಬೇಕು. ಸ್ಟೀರಿಂಗನ್ನು ನೇರಕ್ಕೆ ಗಟ್ಟಿಯಾಗಿ ಹಿಡಿಯಬೇಕು, ಓಲಾಟದ ಹಿಂದೆ ಹಿಂದೆ ತಿರುಗಿಸಬಾರದು. ಕಾರಿನ ಬ್ರೇಕ್ ಒತ್ತಬಾರದು. ಟ್ರೇಲರ್‌ಗೆ ಎಲೆಕ್ಟ್ರಿಕ್ ಬ್ರೇಕ್ ಇದ್ದು, ಕೈಯಿಂದ ಹಾಕುವ ಕಂಟ್ರೋಲ್ ಕಾರಿನಲ್ಲಿದ್ದರೆ, ಟ್ರೇಲರ್ ಬ್ರೇಕ್ ಮಾತ್ರ ಹಾಕಬೇಕು. ಆಗ ಅದು ಹಿಂದಿನಿಂದ ಎಳೆದು ಸಾಲಿಗೆ ಬರುತ್ತದೆ. ವೇಗ ಹೆಚ್ಚಿಸಿ ಸರಿಮಾಡಿಕೊಳ್ಳಿ ಅಂತ ಹೇಳುವವರೂ ಇದ್ದಾರೆ. ದಯವಿಟ್ಟು ಕೇಳಬೇಡಿ, ವೇಗ ಹೆಚ್ಚಿದಷ್ಟೂ ಓಲಾಟವೂ ಹೆಚ್ಚುತ್ತದೆ.

ಬಿದ್ದ ಟ್ರೇಲರ್ ಹತ್ತಿರ ಹೋದಾಗ ಇನ್ನೊಂದು ತಪ್ಪು ಕಣ್ಣಿಗೆ ಬಿತ್ತು. ಎಟಿವಿ ಪಕ್ಕದ ಗೋಡೆಯನ್ನು ಒಡೆದು ಅರ್ಧ ಹೊರಗೆ ಬಂದಿತ್ತು. ಅದನ್ನು ಕಟ್ಟಿದ ರ‍್ಯಾಚೆಟ್ ಬೆಲ್ಟ್ (ಹಿಡಿಕೆಯಿಂದ ಬಿಗಿಯುವ ಪಟ್ಟಿ) ನಾಲ್ಕೂ ಚೆನ್ನಾಗಿದ್ದವು, ಒಂದು ಎಳೆಯೂ ಹರಿದಿರಲಿಲ್ಲ. ಒಂದು ಬೆಲ್ಟಿನ ಕೊಕ್ಕೆಯಲ್ಲಿ ಕಬ್ಬಿಣದ ಬಳೆ ಹಾಗೇ ನೇತಾಡುತ್ತಿತ್ತು. ಅದರಲ್ಲಿ ನಾಲ್ಕು ಸ್ಕ್ರೂ, ಸ್ಕ್ರೂಗಳ ಸುರುಳಿ ಗೆರೆಗೆ ಪ್ಲೈವುಡ್ಡಿನ ನಾರು ಸುತ್ತಿಕೊಂಡಿತ್ತು. ಬಳೆಯನ್ನು ನಾನು 18 ಮಿ.ಮೀ. ಪ್ಲೈವುಡ್ ನೆಲಕ್ಕೆ ಸ್ಕ್ರೂ ಹಾಕಿ ಕೂರಿಸಿದ್ದೆ. ಬೆಲ್ಟ್ ಎಷ್ಟು ಟನ್ ತಡೆದರೇನು, ಅದು ಹಿಡಿದುಕೊಂಡಿದ್ದು ಹಲಗೆಯನ್ನು ಮಾತ್ರ. ಬಳೆಗಳನ್ನು ಚಾಸಿಗೆ, ಅಂದರೆ ಕೆಳಗಿನ ಕಬ್ಬಿಣದ ಚೌಕಟ್ಟಿಗೆ, ಬೋಲ್ಟ್ ಮಾಡಬೇಕು, ಕೆಳಗಿನಿಂದ ದಪ್ಪ ಉಕ್ಕಿನ ಪಟ್ಟಿ ಕೊಟ್ಟು ನಟ್ ಬಿಗಿಯಬೇಕು. ಬೆಲ್ಟ್ ಮೇಲೆ ಎರಡು ಸಂಖ್ಯೆ ಇದ್ದರೆ, ಕಡಿಮೆ ಇರುವುದನ್ನೇ ನಂಬಿ. ದೊಡ್ಡದು ಬೆಲ್ಟ್ ಹರಿಯುವ ತೂಕ. ದಿನ ಬಳಕೆಗೆ ಅದರ ಮೂರನೇ ಒಂದು ಭಾಗ ಅಷ್ಟೇ ಲೆಕ್ಕ.

ಆಕ್ಸಲ್ ಮೇಲೆ 1000 ಕೆಜಿ ಅಂತ ಬರೆದಿತ್ತು. ನಾನು ಹೇರಿದ್ದು ಅದಕ್ಕಿಂತ ಜಾಸ್ತಿ. 600 ಕೆಜಿಗೆ ಮುಗಿಯುತ್ತದೆ ಅಂದುಕೊಂಡ ಕೆಲಸ 780ಕ್ಕೆ ಹೋಗಿತ್ತು. ಎಂಟಡಿ ನಾಲ್ಕಡಿಯ 18 ಮಿ.ಮೀ. ಪ್ಲೈವುಡ್ ಹಾಳೆ ಒಂದೊಂದೂ 30 ಕೆಜಿಗೂ ಮೇಲೆ ತೂಗುತ್ತದೆ. ಒಂದು ಲೀಟರ್ ನೀರು ಒಂದು ಕೆಜಿ. ಇವೆಲ್ಲ ಸದ್ದಿಲ್ಲದೆ ಸೇರಿಕೊಳ್ಳುತ್ತವೆ.

ಈಗ ಹೇಳುವುದು ಅಪಘಾತದ ಹಿಂದಿನ ರಾತ್ರಿಯದು. ಬರೆಯಲು ಸಂಕಟವಾಗುತ್ತದೆ. ಮಳೆ ಬರುತ್ತಿತ್ತು ಅಂತ ಎಟಿವಿಯನ್ನು ಇಳಿಸದೆ ಒಳಗೇ ಬಿಟ್ಟು, ಮುಂದೆ ನಾವು ಮಲಗಿದೆವು. ಮಧ್ಯರಾತ್ರಿ ಮಗಳು ಎದ್ದು ಕೂತು "ಅಪ್ಪಾ, ತಲೆ ನೋಯ್ತಿದೆ, ವಾಸನೆ ಬರ್ತಿದೆ" ಅಂದಳು. ನಾನು ನಿದ್ದೆಗಣ್ಣಲ್ಲಿ ಕಿಟಕಿ ಸ್ವಲ್ಪ ತೆರೆದು ಮತ್ತೆ ಮಲಗಿದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ನೆಲದ ಹತ್ತಿರವೇ ತುಂಬಿಕೊಳ್ಳುತ್ತದೆ. ನಮ್ಮ ಹಾಸಿಗೆ ನೆಲದಿಂದ ಒಂದಡಿ ಎತ್ತರ, ಗಾಳಿಗಂಡಿ ಇದ್ದದ್ದು ಚಾವಣಿಯಲ್ಲಿ ಮಾತ್ರ. ಬೆಳಿಗ್ಗೆ ಅದೇ ಜಾಗದಲ್ಲಿ ನೀರು ಕಾಯಿಸಲು ಗ್ಯಾಸ್ ಒಲೆ ಹಚ್ಚಿದೆ. ಆ ಆವಿ ಹತ್ತಿಕೊಳ್ಳದೆ ಇದ್ದದ್ದು ನಮ್ಮ ಪುಣ್ಯ, ಬೇರೇನಲ್ಲ. ಅಡುಗೆ ಗ್ಯಾಸ್ ಕೂಡ ಗಾಳಿಗಿಂತ ಭಾರ, ಅದಕ್ಕೂ ನೆಲಮಟ್ಟದಲ್ಲಿ ಹೊರಹೋಗಲು ದಾರಿ ಬೇಕು.

ಹಾಗೇ ಒಳಗೆ ನಿಲ್ಲಿಸಿ ಎಂಜಿನ್ ಚಾಲೂ ಮಾಡಲೇಬೇಡಿ, ಎರಡು ನಿಮಿಷಕ್ಕೂ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಅದರ ಅಲಾರಂ ಒಂದನ್ನು ಹಾಸಿಗೆ ಹತ್ತಿರ ಹಾಕಿಕೊಳ್ಳಿ.

ಈಗ ಚಾಸಿಯಿಂದ ಮತ್ತೆ ಶುರು ಮಾಡಿದ್ದೇನೆ. ಈ ಸಲ ಮೊದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಎಟಿವಿ ನಿಲ್ಲಿಸಿದೆ. ಅದರ ಭಾರ ಆಕ್ಸಲ್‌ಗಿಂತ ಸ್ವಲ್ಪ ಮುಂದೆ ಬರುವ ಹಾಗೆ ಆಕ್ಸಲ್ ಜಾಗ ಗುರುತಿಸಿದೆ. ಆಕ್ಸಲ್ 1500 ಕೆಜಿಯದು, ಬ್ರೇಕ್ ಸಮೇತ. ಮಂಚ ಗೋಡೆಗೆ ಮಡಚಿಕೊಳ್ಳುತ್ತದೆ. ಎಟಿವಿ ಹೊರಗೆ ಇಳಿಯದೆ ಅದನ್ನು ಬಿಚ್ಚಲು ಜಾಗವೇ ಇಲ್ಲ. ಬೇಕಂತಲೇ ಹಾಗೆ ಮಾಡಿದ್ದೇನೆ. ಪೆಟ್ರೋಲ್ ಡಬ್ಬ ಹೊರಗಡೆ.

ಮೊನ್ನೆ ಎಟಿವಿ ಹತ್ತಿಸಿ, ಹಾಸಿಗೆ ಪಾತ್ರೆ ಎಲ್ಲಾ ಇಟ್ಟು ತೂಗಿದೆ. ಒಟ್ಟು 1080, ಕೊಂಡಿಯ ಮೇಲೆ 135. ಈ ಸಲ ಮೂಕಿ ಎತ್ತಲು ಜಾಕ್ ಬೇಕಾಯಿತು. ನೀರಿನ ಟ್ಯಾಂಕ್ ಇನ್ನೂ ಖಾಲಿ ಇದೆ. ಅದನ್ನು ತುಂಬಿಸಿ ಇನ್ನೊಂದು ಸಲ ತೂಗದೆ ಗೇಟಿನಿಂದ ಆಚೆ ತರುವುದಿಲ್ಲ.