ವೇವ್‌ಗೈಡ್ ಕೆಲಸಕ್ಕೆ ಭೋಸರಿಯ ಈ ವರ್ಕ್‌ಶಾಪ್
ಪುಣೆಯಲ್ಲಿ ಅಲ್ಯೂಮಿನಿಯಂ ಕೊರೆದು ಕೊಡುವವರಿಗೆ ಬರವಿಲ್ಲ. ಆದರೆ ‘ಇದು ಯಾತಕ್ಕೆ ಬೇಕು’ ಅಂತ ಕೇಳಿ ತಿಳಿದುಕೊಂಡು ಮಷೀನ್‌ಗೆ ಹಾಕುವವರು ಕಡಿಮೆ. ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಈ ಸಣ್ಣ ವರ್ಕ್‌ಶಾಪ್ ಅಂಥದ್ದು. ಮಾಲೀಕರು ನಿಪ್ಪಾಣಿ ಕಡೆಯವರು. ನಾನು ಶಿವಮೊಗ್ಗದವಳು ಅಂದಮೇಲೆ ಮಾತೆಲ್ಲ ಕನ್ನಡದಲ್ಲೇ.

ವೇವ್‌ಗೈಡ್ ಅಂದರೆ ಮೈಕ್ರೋವೇವ್ ಸಿಗ್ನಲ್ ಸಾಗುವ ಲೋಹದ ಟೊಳ್ಳು ಕೊಳವೆ. ನಾನು ಮಾಡಿಸಿದ್ದು ಎಕ್ಸ್ ಬ್ಯಾಂಡ್‌ನ (8ರಿಂದ 12 ಗಿಗಾಹರ್ಟ್ಸ್) ಬ್ರ್ಯಾಗ್ ರಿಫ್ಲೆಕ್ಟರ್, ಅಂದರೆ ಆಯ್ದ ಆವರ್ತನಗಳನ್ನು ವಾಪಸ್ ಕಳಿಸುವ ತುಂಡು. ಡಬ್ಲ್ಯುಆರ್-90 ಎಂಬ ಅಳತೆಯ ಗೈಡ್, ಒಳಗಿನ ಅಗಲ 22.86 ಮಿ.ಮೀ., ಎತ್ತರ 10.16. ಈ ಎತ್ತರ ಒಮ್ಮೆ 10.16, ಒಮ್ಮೆ 7.16 ಆಗುತ್ತಾ ಸಮ ಅಂತರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಸಾಗಬೇಕು. ಒಂದೊಂದು ಮೆಟ್ಟಿಲೂ ಸಿಗ್ನಲ್‌ನ ಒಂದು ಚೂರನ್ನಷ್ಟೇ ವಾಪಸ್ ಕಳಿಸುತ್ತದೆ. ಒಂದು ಇಕ್ಕಟ್ಟಿನ ತುಂಡಿನಿಂದ ಮುಂದಿನದಕ್ಕೆ ಇರುವ ಅಂತರ ಗೈಡ್ ಒಳಗಿನ ತರಂಗಾಂತರದ ಅರ್ಧದಷ್ಟಿದ್ದರೆ ಆ ಚೂರುಗಳೆಲ್ಲ ಒಂದೇ ಲಯದಲ್ಲಿ ಕೂಡಿಕೊಳ್ಳುತ್ತವೆ. 10 ಗಿಗಾಹರ್ಟ್ಸ್‌ಗೆ ಆ ತರಂಗಾಂತರ 39.7 ಮಿ.ಮೀ., ಅಂತರ ಸುಮಾರು 19.85. ಲಾರೆನ್ಸ್ ಬ್ರ್ಯಾಗ್ 1912ರಲ್ಲಿ ಹರಳು ಮತ್ತು ಎಕ್ಸ್-ರೇ ಬಗ್ಗೆ ಹೇಳಿದ್ದೂ ಇದೇ ಲೆಕ್ಕವೇ. ನನಗೆ ಇವತ್ತಿಗೂ ಇದು ಖುಷಿ ಕೊಡುತ್ತದೆ. ಅಲ್ಲಿ ಪರಮಾಣುಗಳ ಸಾಲು, ಇಲ್ಲಿ ಬೆರಳಾಡಿಸಿ ನೋಡಬಹುದಾದ ಮೆಟ್ಟಿಲು!

ಪ್ರತಿ ಅಂತರದಲ್ಲೂ 0.1 ಮಿ.ಮೀ. ತಪ್ಪಿದರೆ ವಾಪಸ್ ಬರುವ ಬ್ಯಾಂಡ್ ಸುಮಾರು 29 ಮೆಗಾಹರ್ಟ್ಸ್ ಸರಿದುಹೋಗುತ್ತದೆ. ಹೊಳಪು ಜಾಸ್ತಿ ಇರಬೇಕು ಅಂತೇನಿಲ್ಲ, ಅಂತರ ಸರಿಯಾಗಿರಬೇಕು. ಇದನ್ನು ಹೇಳಿದ ತಕ್ಷಣ ಮಾಲೀಕರು ಡ್ರಾಯಿಂಗ್ ಮೇಲೆ ಬೆರಳಿಟ್ಟರು. ಅಗಲದ ಗೋಡೆಯ ನಟ್ಟನಡುವೆ ಸೀಳಿದ ಎರಡು ಹೋಳು ಅದು. ಅಲ್ಲಿ ಕರೆಂಟ್ ಸೀಳಿದ ಗೆರೆಯನ್ನು ಅಡ್ಡ ದಾಟುವುದಿಲ್ಲ, ಹಾಗಾಗಿ ಜೋಡಣೆಯಲ್ಲಿ ಸೋರಿಕೆ ಕಡಿಮೆ. ಪ್ರತಿ ಹೋಳಿನ ಚಾನೆಲ್ 11.43 ಮಿ.ಮೀ. ಆಳ. ಎತ್ತರ 3 ಮಿ.ಮೀ. ಇಳಿಸಲು ನಾನು ಎರಡೂ ಬದಿ ಒಂದೂವರೆ ಮಿ.ಮೀ. ಮೆಟ್ಟಿಲು ಬರೆದಿದ್ದೆ. ಅಷ್ಟು ಚಿಕ್ಕ ಮೆಟ್ಟಿಲಿಗೆ 3 ಮಿ.ಮೀ. ಕಟರ್ ಹಾಕಿದರೆ ಮೂಲೆ ಪೂರ್ತಿ ಗುಂಡಗಾಗುತ್ತದೆ. 2ರ ಕಟರ್ ಅಷ್ಟು ಆಳಕ್ಕೆ ಇಳಿದರೆ ಬಾಗುತ್ತದೆ.

‘ಮೇಡಂ, ಒಂದ ಬಾಜೂಕ ಪೂರಾ ಮೂರು ತಗೊಂಡ್ರ ನಡೀತದೇನ್ರಿ?’ ಅಂದರು.

ನಡೆಯುತ್ತದೆ! ಮೆಟ್ಟಿಲು ಒಂದೇ ಬದಿಗೆ ಬಂದರೆ ಅಲ್ಲಿನ ಕೆಪ್ಯಾಸಿಟೆನ್ಸ್ ಜಾಸ್ತಿಯಾಗಿ ಬ್ಯಾಂಡ್ ಸ್ವಲ್ಪ ಕೆಳಗೆ ಜಾರುತ್ತದೆ, ಅಷ್ಟೆ. ಸಿಮ್ಯುಲೇಶನ್ ಮತ್ತೆ ಓಡಿಸಿ, ತುಂಡುಗಳ ಉದ್ದ ತುಸು ಕಡಿಮೆ ಮಾಡಿ ಕೊಟ್ಟೆ. ಮೂಲೆಯ ಗುಂಡನ್ನೂ ಮಾಡೆಲ್‌ಗೆ ಸೇರಿಸಿದೆ. ದಪ್ಪ ಕಟರ್ ಅಲುಗಾಡದೆ ಕೆಲಸ ಮುಗಿಸಿತು.

ಲ್ಯಾಬ್‌ನಲ್ಲಿ ಸಿಗ್ನಲ್ ಎಷ್ಟು ದಾಟುತ್ತದೆ, ಎಷ್ಟು ವಾಪಸ್ ಬರುತ್ತದೆ ಅಂತ ಅಳೆಯುವ ನೆಟ್‌ವರ್ಕ್ ಅನಲೈಸರ್‌ಗೆ ಹಾಕಿದಾಗ 9.4ರಿಂದ 10.6 ಗಿಗಾಹರ್ಟ್ಸ್‌ವರೆಗೆ ದಾಟುವ ಸಿಗ್ನಲ್‌ನ ಗ್ರಾಫ್‌ನಲ್ಲಿ ಹೆಚ್ಚುಕಡಿಮೆ ಲೆಕ್ಕದಂತೆಯೇ ಗುಂಡಿ ಬಿತ್ತು. ಇಕ್ಕಟ್ಟಿನ ತುಂಡು ಹತ್ತು ಇವೆ, ನಡುವಿನಲ್ಲಿ ದಾಟುವುದು ಮೈನಸ್ 23 ಡಿಬಿ, ಅಂದರೆ ಸುಮಾರು ಇನ್ನೂರರಲ್ಲಿ ಒಂದು ಪಾಲು ಮಾತ್ರ. ಮಿಕ್ಕಿದ್ದು ಸುಟ್ಟುಹೋಗಿಲ್ಲ, ಹೆಚ್ಚುಕಡಿಮೆ ಎಲ್ಲ ವಾಪಸ್ ಬರುತ್ತಿದೆ. ಎರಡು ಹೋಳು ಕೂರಿಸುವ ಡವೆಲ್ ಪಿನ್ ಎಷ್ಟು ಬಿಗಿಯಾಗಿವೆ ಅಂದರೆ ಉಗುರಿಗೆ ಸಂದು ಸಿಗುವುದಿಲ್ಲ.

ಕೊರತೆಯೂ ಇದೆ. ಮೆಟ್ಟಿಲ ಅಂಚಿನಲ್ಲಿ ಬರ್ (ಕೊರೆದಾಗ ಉಳಿಯುವ ಲೋಹದ ಮುಳ್ಳು) ಉಳಿದಿತ್ತು, ನಾನೇ ಕೂತು ತೆಗೆದೆ. ಜಿಎಸ್‌ಟಿ ಬಿಲ್‌ಗೆ ಸುಮ್ನೆ ಮತ್ತೆ ಮತ್ತೆ ಫೋನ್ ಮಾಡಬೇಕಾಯಿತು. ಕಾಲೇಜಿನ ಅಕೌಂಟ್ಸ್‌ಗೆ ಇದು ತಲೆನೋವು, ಅಲ್ವಾ? ಇನ್ನೂ ಹೆಚ್ಚಿನ ಆವರ್ತನದ ಕಾ ಬ್ಯಾಂಡ್ ಕೆಲಸ ಕೇಳಿದರೆ ಅಷ್ಟು ಸಣ್ಣದು ನಮ್ಮಲ್ಲಿ ಬೇಡ ಅಂತ ಅವರೇ ಹೇಳುತ್ತಾರೆ. ಎಕ್ಸ್ ಬ್ಯಾಂಡ್‌ವರೆಗಿನ ಕೆಲಸ ಇದ್ದರೆ ಧೈರ್ಯವಾಗಿ ಕೊಡಿ. ಬರ್ ತೆಗೆಯುವುದನ್ನು ಡ್ರಾಯಿಂಗ್‌ನಲ್ಲೇ ಬರೆದುಬಿಡಿ, ಎಸ್‌ಟಿಇಪಿ ಫೈಲ್ (3ಡಿ ಮಾಡೆಲ್) ಜೊತೆ ಒಂದು ಪ್ರಿಂಟ್ ಕೂಡ ತಗೊಂಡು ಹೋಗಿ.