ಕುಟುಂಬ ನ್ಯಾಯಾಲಯಕ್ಕೆ ಕರೆ ರೆಕಾರ್ಡಿಂಗ್ ಸಿದ್ಧಪಡಿಸಿಕೊಡುವ ಕಾಸರಗೋಡಿನ ಒಂದು ಅಂಗಡಿ

ತಂಗಿಯ ಮಗಳ ಸುಪರ್ದಿಯ ವ್ಯಾಜ್ಯ ಕಾಸರಗೋಡಿನ ಕುಟುಂಬ ನ್ಯಾಯಾಲಯದಲ್ಲಿದೆ. ನಾನು ತಂಗಿಯ ಕಡೆಯ ಸಾಕ್ಷಿ. ಎಂಟು ವರ್ಷದ ಮಗು ತನ್ನ ಅಪ್ಪನೊಡನೆ ಆಡಿದ ಮೂರು ಕರೆಗಳು ತಂಗಿಯ ಫೋನಿನಲ್ಲಿ ರೆಕಾರ್ಡ್ ಆಗಿದ್ದವು. ಅವನ್ನು ಪೆನ್ ಡ್ರೈವಿಗೆ ಹಾಕಿಸಿ, ಮಾತನ್ನು ಬರೆಸಿ, ಇಂಗ್ಲಿಷಿಗೆ ಅನುವಾದ ಮಾಡಿಸಿ ತನ್ನಿರೆಂದು ವಕೀಲರು ಹೇಳಿದ್ದರಿಂದ ಪೇಟೆಯ ಒಂದು ಡಿಟಿಪಿ ಅಂಗಡಿಗೆ ಹೋದೆವು. ಹದಿನಾಲ್ಕು ನಿಮಿಷದ ಮಾತಿಗೆ 2,100 ರೂಪಾಯಿ ಆಯಿತು. ಎರಡು ದಿನವೆಂದವರು ಐದನೆಯ ದಿನ ಕೊಟ್ಟರು. ಅದು ದೊಡ್ಡ ದೂರಲ್ಲ.

ಕಂಪ್ಯೂಟರಿನ ಕೆಲಸದಲ್ಲಿ ಅವರು ಗಟ್ಟಿಗರು. ತಂಗಿ ತನಗೆ ಬೇಕಾದ ಭಾಗವನ್ನಷ್ಟೇ ಕತ್ತರಿಸಿ ನನಗೆ ವಾಟ್ಸಾಪಿನಲ್ಲಿ ಕಳುಹಿಸಿದ್ದಳು. ಅಂಗಡಿಯ ಯಜಮಾನರು ಅದನ್ನು ತೆರೆಯಲೇ ಇಲ್ಲ. "ಅಕ್ಕಾ, ಇದು ಆಗುವುದಿಲ್ಲ. ರೆಕಾರ್ಡ್ ಆದ ಫೋನನ್ನೇ ತನ್ನಿ" ಎಂದರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ದಾಖಲೆಯೊಂದಿಗೆ ಎರಡು ಭಾಗಗಳ ಪ್ರಮಾಣಪತ್ರ ಕೊಡಬೇಕು, ಅದರಲ್ಲಿ ಕಡತದ ಹ್ಯಾಶ್ ಸಂಖ್ಯೆ, ಅಂದರೆ ಕಡತದೊಳಗಿನ ಮಾಹಿತಿಯಿಂದ ಲೆಕ್ಕ ಹಾಕಿ ತೆಗೆಯುವ ಬೆರಳಚ್ಚಿನಂಥ ಗುರುತು, ಇರಬೇಕು. ಕಡತದಿಂದ ಒಂದು ಸೆಕೆಂಡು ಕತ್ತರಿಸಿದರೂ ಆ ಸಂಖ್ಯೆ ಬೇರೆಯೇ ಆಗುತ್ತದೆಂದು ಅವರು ನಮ್ಮೆದುರೇ ಲೆಕ್ಕ ಹಾಕಿ ತೋರಿಸಿದರು. ಎ ಭಾಗಕ್ಕೆ ಫೋನಿನ ಒಡತಿಯಾದ ತಂಗಿಯ ಸಹಿ ಹಾಕಿಸಿದರು. ತಜ್ಞರು ತುಂಬಬೇಕಾದ ಬಿ ಭಾಗಕ್ಕೆ ತಾವೇ ಸಹಿ ಹಾಕಿ ಇನ್ನಷ್ಟು ಹಣ ಕೇಳಬಹುದಿತ್ತು. ಯಾರಿಂದ ಮಾಡಿಸಬೇಕೆಂದು ವಕೀಲರನ್ನೇ ಕೇಳಿ ಎಂದು ಹಿಂದೆ ಸರಿದರು. ಕುಟುಂಬ ನ್ಯಾಯಾಲಯಗಳ 1984ರ ಕಾಯ್ದೆಯ 14ನೇ ಸೆಕ್ಷನ್ ಸಾಕ್ಷ್ಯದ ನಿಯಮಗಳನ್ನು ಬಹಳ ಸಡಿಲಿಸಿದೆಯಾದರೂ, ಮೇಲಿನ ಕೋರ್ಟಿಗೆ ಹೋದಾಗ ತೊಡಕಾಗದಿರಲೆಂದು ನಮ್ಮ ವಕೀಲರು ಪ್ರಮಾಣಪತ್ರ ಬೇಕೆಂದೇ ಹಟ ಹಿಡಿದಿದ್ದರು.

ಬೇಸರವಾದದ್ದು ಬೇರೆ ಕಡೆ. ರೆಕಾರ್ಡಿಂಗ್ ಸರಿಯಾಗಿದೆಯೇ ಎಂದು ನೋಡಲು ಅಂಗಡಿಯ ಕೆಲಸದ ಹುಡುಗ ಅದನ್ನು ಸ್ಪೀಕರಿನಲ್ಲೇ ಹಾಕಿದ. ರೇಷನ್ ಕಾರ್ಡಿನ ಅರ್ಜಿ ಹಿಡಿದು ನಿಂತಿದ್ದ ಇಬ್ಬರ ಮುಂದೆ, "ಅಪ್ಪಾ, ನೀವು ಊಟ ಮಾಡಿದಿರಾ?" ಎಂಬ ಮಗುವಿನ ದನಿ ಅಂಗಡಿಯಿಡೀ ಕೇಳಿಸಿತು. ತಂಗಿ ತಲೆ ತಗ್ಗಿಸಿದಳು. ನಾನು ಆಕ್ಷೇಪಿಸಿದಾಗ ಯಜಮಾನರು, ಗುಟ್ಟಾಗಿ ರೆಕಾರ್ಡ್ ಮಾಡಿದ ಗಂಡಹೆಂಡಿರ ಮಾತನ್ನು ವೈವಾಹಿಕ ವ್ಯಾಜ್ಯದಲ್ಲಿ ಸಾಕ್ಷ್ಯವಾಗಿ ಒಪ್ಪಬಹುದೆಂದು 2025ರ ಜುಲೈ 14ರಂದು ಸುಪ್ರೀಂ ಕೋರ್ಟು ಹೇಳಿದೆಯಲ್ಲ ಎಂದು ನನಗೇ ಪಾಠ ಹೇಳಿದರು. ತೀರ್ಪು ನಿಜ, ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠದ್ದು. ಆದರೆ ಅಲ್ಲಿ ವಿಷಯವಾಗಿದ್ದುದು ದಂಪತಿಗಳ ಮಾತು, ಇಲ್ಲಿ ಮಾತನಾಡಿದವಳು ಮಗು. ಅಷ್ಟಕ್ಕೂ ನ್ಯಾಯಾಧೀಶರು ಕೇಳಬಹುದಾದದ್ದನ್ನು ರೇಷನ್ ಕಾರ್ಡಿಗೆ ಬಂದವರೂ ಕೇಳಬಹುದೆಂದು ಯಾವ ಕೋರ್ಟು ಹೇಳಿದೆ?

ಅನುವಾದದ್ದು ಇನ್ನೂ ಗಂಭೀರ ತಪ್ಪು. ರಜೆಯಲ್ಲಿ ಬರುತ್ತೀಯಾ ಎಂದು ಅಪ್ಪ ಕೇಳಿದ್ದಕ್ಕೆ ಮಗು, "ಬರುವುದಿಲ್ಲಾಂತ ಅಲ್ಲ, ಡ್ಯಾನ್ಸ್ ಕ್ಲಾಸ್ ಮುಗಿಯಲಿ" ಎಂದಿತ್ತು. ಅನುವಾದದಲ್ಲಿ "ಅಲ್ಲ" ಬಿಟ್ಟುಹೋಗಿ, ಮಗು ಬರುವುದಿಲ್ಲ ಎಂದಿತೆಂದೇ ಅಚ್ಚಾಗಿತ್ತು. ಹುಡುಗನ ಮನೆಮಾತು ಮಲಯಾಳ. ಕನ್ನಡ ಮಾತನಾಡಬಲ್ಲನಾದರೂ ವಾಕ್ಯದ ಕೊನೆಯ ಇಂಥ ತಿರುವು ಅವನ ಕಿವಿಗೆ ಬಿದ್ದಿರಲಿಲ್ಲ. ಬುದ್ಧಿ ಬಲಿತ ಮಗುವಿನ ಇಚ್ಛೆಯನ್ನು ನ್ಯಾಯಾಲಯ ಪರಿಗಣಿಸಬಹುದೆಂದು 1890ರ ಪಾಲಕರು ಮತ್ತು ಪಾಲಿತರ ಕಾಯ್ದೆಯ 17ನೇ ಸೆಕ್ಷನ್ ಹೇಳುವಾಗ, ಆ ಒಂದು "ಅಲ್ಲ" ಎಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಾಗಿಲ್ಲ. ತಪ್ಪು ನಮ್ಮ ಪರವಾಗಿಯೇ ಇತ್ತು. ಹಾಗೆಯೇ ಬಿಡೋಣವೇ ಎಂದು ತಂಗಿ ಒಂದು ಕ್ಷಣ ನನ್ನ ಮುಖ ನೋಡಿದ್ದೂ ಸುಳ್ಳಲ್ಲ. ಆದರೆ ಪಾಟೀಸವಾಲಿನಲ್ಲಿ ಎದುರಿನ ವಕೀಲರು ಆ ಕರೆಯನ್ನು ಕೇಳಿಸಿದರೆ ಸಾಕ್ಷಿಯ ಕಟ್ಟೆಯಲ್ಲಿ ನಿಲ್ಲುವವನು ನಾನು. ತಿದ್ದಿಸಿದೆವು, ತಿದ್ದಿದ್ದಕ್ಕೆ ಹಣ ಕೇಳಲಿಲ್ಲ, ಅದಕ್ಕೆ ಮೆಚ್ಚುಗೆ.

ಐದರಲ್ಲಿ ಮೂರು ಕೊಡುತ್ತೇನೆ. ನಕಲು ಮತ್ತು ಹ್ಯಾಶ್ ಕೆಲಸಕ್ಕೆ ಧೈರ್ಯವಾಗಿ ಹೋಗಿ. ಬರೆಸುವುದನ್ನೂ ಅನುವಾದವನ್ನೂ ಕನ್ನಡ ಮನೆಮಾತಿನ ಯಾರಿಂದಾದರೂ ಮಾಡಿಸಿ. ತಿದ್ದುಪಡಿಗೆಂದು ಎರಡನೆಯ ಸಲ ಹೋದಾಗ ನಾನು ಮನೆಯಿಂದಲೇ ಇಯರ್‌ಫೋನ್ ಒಯ್ದಿದ್ದೆ. ಹುಡುಗ ಮರುಮಾತಿಲ್ಲದೆ ಹಾಕಿಕೊಂಡ.