ಡಿವಿಎಲ್‌ಎಯಲ್ಲಿ ಪಾಯಿಂಟ್ ಹೋಯ್ತು ಅಂತ ಇನ್ಶೂರೆನ್ಸ್‌ಗೆ ‘ಇಲ್ಲ’ ಅನ್ನಬೇಡಿ

ಬ್ರಿಟನ್ನಿನಲ್ಲಿ ಕಾರು ಓಡಿಸುವ ಕನ್ನಡಿಗರು ದಯವಿಟ್ಟು ಇದನ್ನು ಪೂರ್ತಿ ಓದಿ. ಅದರಲ್ಲೂ ಹಿಂದೆ ಯಾವಾಗಲೋ ಸ್ಪೀಡ್ ಕ್ಯಾಮೆರಾಗೆ ಸಿಕ್ಕಿ ಲೈಸೆನ್ಸ್ ಮೇಲೆ ಪಾಯಿಂಟ್ (ತಪ್ಪಿಗೆ ಹಾಕುವ ದಂಡದ ಅಂಕ) ಬಿದ್ದವರು. ರೆಡಿಂಗ್‌ನಲ್ಲಿರುವ ನನ್ನ ತಮ್ಮನಿಗೆ ಇದರಿಂದ ದೊಡ್ಡ ಪೆಟ್ಟು ಬಿತ್ತು. ಅವನ ಕಾಗದಪತ್ರವನ್ನೆಲ್ಲ ಜೊತೆಗೆ ಕೂತು ನೋಡಿದವಳು ನಾನು.

ಅವನಿಗೆ ಬಿದ್ದಿದ್ದು ಎಸ್‌ಪಿ30. ಅಂದರೆ ಸಾರ್ವಜನಿಕ ರಸ್ತೆಯಲ್ಲಿ ಮಿತಿಗಿಂತ ಜಾಸ್ತಿ ಸ್ಪೀಡು. 100 ಪೌಂಡ್ ದಂಡ, 3 ಪಾಯಿಂಟ್. ದಂಡ ಕಟ್ಟಿದ, ಆಗಿನ ಇನ್ಶೂರೆನ್ಸ್ ಕಂಪನಿಗೂ ತಿಳಿಸಿದ. ನಾಲ್ಕು ವರ್ಷ ಕಳೆದ ಮೇಲೆ ಡಿವಿಎಲ್‌ಎ (ಡ್ರೈವಿಂಗ್ ಲೈಸೆನ್ಸ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ದಾಖಲೆ ತೆಗೆದು ನೋಡಿದರೆ ಪಾಯಿಂಟ್ ಸೊನ್ನೆ. ಅದೇ ಹೊತ್ತಿಗೆ ಬೇರೆ ಕಂಪನಿಗೆ ಬದಲಾಯಿಸಿದ. ಕಳೆದ 5 ವರ್ಷಗಳಲ್ಲಿ ಕನ್ವಿಕ್ಷನ್ (ಶಿಕ್ಷೆ), ಫಿಕ್ಸೆಡ್ ಪೆನಾಲ್ಟಿ (ಕೋರ್ಟಿಗೆ ಹೋಗದೆ ಕಟ್ಟುವ ದಂಡ) ಏನಾದರೂ ಇದೆಯಾ ಎಂದು ಫಾರಂ ಕೇಳಿತ್ತು. ‘ಇಲ್ಲ’ ಎಂದು ಒತ್ತಿದ. ಸರ್ಕಾರದ ದಾಖಲೆಯಲ್ಲೇ ಇಲ್ಲದ ಮೇಲೆ ಯಾರಾದರೂ ಹಾಗೇ ಒತ್ತುತ್ತಾರೆ, ಅಲ್ವಾ?

ಎಡವುವುದು ಅಲ್ಲೇ. ಎಸ್‌ಪಿ30 ಲೈಸೆನ್ಸ್ ದಾಖಲೆಯಲ್ಲಿರುವುದು ತಪ್ಪು ನಡೆದ ದಿನದಿಂದ 4 ವರ್ಷ. ಅದರಲ್ಲೂ 12 ಪಾಯಿಂಟ್ ತುಂಬಿ ಲೈಸೆನ್ಸ್ ಹೋಗುವ ಲೆಕ್ಕಕ್ಕೆ ಬರುವುದು 3 ವರ್ಷ ಮಾತ್ರ. ಆದರೆ ಇನ್ಶೂರೆನ್ಸ್‌ನವರು ಸಾಮಾನ್ಯವಾಗಿ 5 ವರ್ಷದ ಹಿಂದಿನ ತನಕ ಕೇಳುತ್ತಾರೆ. ಹಾಗೆ ಕೇಳಲು ಕಾನೂನಿನ ಅಡ್ಡಿಯೂ ಇಲ್ಲ. ಅಂದರೆ ನಾಲ್ಕರಿಂದ ಐದರ ನಡುವಿನ ಆ ಒಂದು ವರ್ಷ ದಾಖಲೆ ಕ್ಲೀನಾಗಿ ಕಾಣುತ್ತದೆ, ಆದರೂ ಫಾರಂನಲ್ಲಿ ‘ಹೌದು’ ಎನ್ನಲೇಬೇಕು. ತಮ್ಮ ಸಿಕ್ಕಿಬಿದ್ದಿದ್ದು ಆ ವರ್ಷದಲ್ಲೇ.

ಒಂದು ರೌಂಡಬೌಟ್‌ನಲ್ಲಿ ಅಪಘಾತವಾಗಿ ಕಾರು ರೈಟ್ ಆಫ್ ಆಯಿತು, ಅಂದರೆ ರಿಪೇರಿಗೂ ಲಾಯಕ್ಕಿಲ್ಲ ಎಂದಾಯಿತು. ಕ್ಲೇಮ್ ಹಾಕಿದಾಗ ಹಿಂದಿನ ಕಂಪನಿಯ ಪಾಲಿಸಿ ಕಾಗದ ಕೇಳಿದರು. ಅದರ ಎರಡನೇ ಪುಟದಲ್ಲಿ, ಅವನ ಹೆಸರಿನ ಕೆಳಗೇ ಎಸ್‌ಪಿ30 ಮತ್ತು ತಾರೀಖು. ಬೇಕೆಂದೇ ಮುಚ್ಚಿಟ್ಟಿದ್ದೀರಿ, ಪಾಲಿಸಿಯನ್ನು ಮೊದಲ ದಿನದಿಂದಲೇ ರದ್ದು ಮಾಡಿದ್ದೇವೆ, ಪ್ರೀಮಿಯಂ ವಾಪಸ್ ಇಲ್ಲ ಎಂದು ಪತ್ರ ಬಂತು. ಹೀಗೆ ರದ್ದಾದ ಪಾಲಿಸಿಯ ವಿಷಯವನ್ನೂ ಮುಂದಿನ ಕಂಪನಿಗಳು ಕೇಳುತ್ತವೆ. ಆಗ ಪ್ರೀಮಿಯಂ ಆಕಾಶಕ್ಕೇರುತ್ತದೆ.

ಇಂಥ ಪತ್ರ ಬಂದರೆ ಸುಮ್ನೆ ಒಪ್ಪಿಕೊಳ್ಳಬೇಡಿ. 2012ರ ಗ್ರಾಹಕ ವಿಮಾ ಕಾಯ್ದೆಯ ಪ್ರಕಾರ, ಬೇಕೆಂದೇ ಸುಳ್ಳು ಹೇಳಿದ್ದಾರೆ ಎಂದು ತೋರಿಸಬೇಕಾದ್ದು ಕಂಪನಿ. ಅಜಾಗರೂಕತೆಯಿಂದ ಆಗಿದ್ದರೆ, ವಿಷಯ ಮೊದಲೇ ಗೊತ್ತಿದ್ದರೆ ತಾವು ಏನು ಮಾಡುತ್ತಿದ್ದೆವು ಎಂಬುದರ ಮೇಲೆ ಅವರು ನಡೆಯಬೇಕು. 1,000 ಪೌಂಡ್ ಕೇಳುತ್ತಿದ್ದರು, ನೀವು ಕಟ್ಟಿದ್ದು 800 ಎಂದಾದರೆ ಕ್ಲೇಮಿನ ಶೇ 80ರಷ್ಟು ಕೊಡಬೇಕು. ಪಾಲಿಸಿಯನ್ನೇ ಕೊಡುತ್ತಿರಲಿಲ್ಲ ಎಂದಾದರೆ ಮಾತ್ರ ರದ್ದು ಮಾಡಬಹುದು. ಆಗಲೂ ಪ್ರೀಮಿಯಂ ವಾಪಸ್ ಕೊಡಬೇಕು.

ನಾವು ಇದನ್ನೇ ಬರೆದು ದೂರು ಕೊಟ್ಟೆವು. ಪಾಯಿಂಟ್ ಸೊನ್ನೆ ಎಂದಿದ್ದ ಡಿವಿಎಲ್‌ಎ ಪುಟದ ಪ್ರತಿಯನ್ನೂ, ಹಿಂದಿನ ಕಂಪನಿಗೆ ಅವನು ತಾನಾಗಿಯೇ ತಿಳಿಸಿದ್ದ ಪತ್ರವನ್ನೂ ಲಗತ್ತಿಸಿದೆವು. ಮುಚ್ಚಿಡುವವನು ಅಲ್ಲಿ ಯಾಕೆ ಹೇಳುತ್ತಿದ್ದ? ಕೊನೆಗೆ ಕಂಪನಿ ರದ್ದತಿಯನ್ನು ಹಿಂತೆಗೆದುಕೊಂಡಿತು. ಹಣದಲ್ಲಿ ಒಂದು ಪಾಲು ಕಡಿತ ಮಾಡಿಯೇ ಕೊಟ್ಟರು. ಅಲ್ಲಿ ತನಕ ಕಾರಿಲ್ಲದೆ, ಮಕ್ಕಳನ್ನು ಸ್ಕೂಲಿಗೆ ಬಿಡಲು ಪಟ್ಟ ಪಾಡು ಅವನಿಗೇ ಗೊತ್ತು. ಕಂಪನಿ 8 ವಾರದಲ್ಲಿ ಅಂತಿಮ ಉತ್ತರ ಕೊಡದಿದ್ದರೆ ಅಥವಾ ಆ ಉತ್ತರ ಸರಿಯಿಲ್ಲ ಅನ್ನಿಸಿದರೆ ಫೈನಾನ್ಷಿಯಲ್ ಓಂಬುಡ್ಸ್‌ಮನ್‌ಗೆ (ಹಣಕಾಸು ಕಂಪನಿಗಳ ಮೇಲಿನ ಗ್ರಾಹಕರ ದೂರು ತೀರ್ಮಾನಿಸುವ ಸಂಸ್ಥೆ) ಹೋಗಬಹುದು. ಅದಕ್ಕೆ ಫೀಸಿಲ್ಲ. ಅಂತಿಮ ಉತ್ತರ ಬಂದ 6 ತಿಂಗಳೊಳಗೆ ಹೋಗಬೇಕು, ಅಷ್ಟೇ.

ಗಂಡ ಅಥವಾ ಹೆಂಡತಿಯನ್ನು ಎರಡನೇ ಡ್ರೈವರ್ ಆಗಿ ಸೇರಿಸಿದ್ದರೆ ಅವರ ಪಾಯಿಂಟನ್ನೂ ಹೇಳಬೇಕು. ಪಾಯಿಂಟ್ ಬದಲು ಸ್ಪೀಡ್ ಅವೇರ್‌ನೆಸ್ ಕೋರ್ಸ್ ಮಾಡಿದ್ದರೆ ಅದು ಕನ್ವಿಕ್ಷನ್ ಅಲ್ಲ. ಆದರೆ ಕೋರ್ಸ್ ಮಾಡಿದ್ದೀರಾ ಎಂದೇ ನೇರವಾಗಿ ಕೇಳಿದರೆ ನಿಜ ಹೇಳಿ.

ಪಾಯಿಂಟ್ ಇನ್ನೂ ಡಿವಿಎಲ್‌ಎಯಲ್ಲಿ ಕಾಣುತ್ತಿದೆಯಾ? ಹಾಗಿದ್ದರೆ ಇವತ್ತೇ ಆ ಪುಟ ತೆಗೆದು ಕೋಡ್, ತಪ್ಪು ನಡೆದ ದಿನ, ಶಿಕ್ಷೆಯ ದಿನ, ಮೂರನ್ನೂ ಸೇವ್ ಮಾಡಿಟ್ಟುಕೊಳ್ಳಿ. 4 ವರ್ಷವಾದ ಮೇಲೆ ಫಾರಂ ಆ ತಾರೀಖುಗಳನ್ನು ಕೇಳುತ್ತದೆ, ಆದರೆ ನೋಡಿ ಬರೆಯೋಣ ಅಂದರೆ ಅಲ್ಲಿ ಏನೂ ಇರುವುದಿಲ್ಲ.